ಹೋಗದೆ ಬಿಟ್ಟ ದಾರಿಯ ಅಲೆ

ಕೋರಮಂಗಲದಲ್ಲಿ ಕೂತು ಹಡಗುಗಳ ಇಂಧನದ ಲೆಕ್ಕ ನೋಡುವುದು ನನ್ನ ಕೆಲಸ. ಹತ್ತಿರದ ಕಡಲು ಅಂದರೂ ಇಲ್ಲಿಂದ ಸುಮಾರು 300 ಕಿಲೋಮೀಟರ್. ಆದರೂ ಪ್ರತಿ ಹಡಗಿನಿಂದ ದಿನಕ್ಕೊಂದು ವರದಿ ನನಗೆ ಬರುತ್ತದೆ. ನೂನ್ ರಿಪೋರ್ಟ್ ಅಂತಾರೆ. ಮಧ್ಯಾಹ್ನ 12ಕ್ಕೆ ಹಡಗು ಎಲ್ಲಿತ್ತು, ನಿನ್ನೆಯಿಂದ ಎಷ್ಟು ದೂರ ಬಂತು, ಎಷ್ಟು ಟನ್ ಸುಟ್ಟಿತು, ಗಾಳಿ ಹೇಗಿತ್ತು, ಎಲ್ಲ ಅದರಲ್ಲಿರುತ್ತದೆ. ಹಡಗುಗಳು ಸುಡುವ ದಪ್ಪ ಎಣ್ಣೆ, ಅಂದರೆ ಹೆವಿ ಫ್ಯೂಯಲ್ ಆಯಿಲ್ ಆದರೆ ಟನ್ನುಗಳನ್ನು 3.114ರಿಂದ ಗುಣಿಸಿದರೆ ಇಂಗಾಲದ ಡೈಆಕ್ಸೈಡ್ ಎಷ್ಟು ಅಂತ ಸಿಗುತ್ತದೆ. 2023ರಿಂದ ದೊಡ್ಡ ಹಡಗುಗಳಿಗೆ ಈ ಲೆಕ್ಕದ ಮೇಲೆಯೇ ಎ ಯಿಂದ ಇ ವರೆಗೆ ದರ್ಜೆ ಕೊಡುತ್ತಾರೆ.

ಒಂದು ಜುಲೈನಲ್ಲಿ ಕೊಲಂಬೊದಿಂದ ಏಡನ್ ಕಡೆ ಹೊರಟ ಹಡಗೊಂದು ನೇರ ದಾರಿ ಬಿಟ್ಟು, ಸಮಭಾಜಕ ವೃತ್ತದ ಹತ್ತಿರದವರೆಗೆ ಇಳಿದು, ಸುತ್ತಿಕೊಂಡು ಹೋಯಿತು. ನಾನು ಬರೆದ ಪ್ರೋಗ್ರಾಂ ಅದಕ್ಕೆ ಕೆಂಪು ಗುರುತು ಹಾಕಿತು. ದೂರ ಜಾಸ್ತಿ, ಇಂಧನ ಜಾಸ್ತಿ. ನಾನು ಹಿಂದೆಮುಂದೆ ನೋಡದೆ ಕ್ಯಾಪ್ಟನ್‌ಗೆ ಕಾರಣ ಕೇಳಿ ಮೇಲ್ ಹಾಕಿದೆ.

ಸಂಜೆ ಕ್ಯಾಪ್ಟನ್ ಫೋನ್ ಬಂತು. ಕುಂದಾಪುರದ ಕಡೆಯವರು. ನನ್ನ ಹೆಸರು ನೋಡಿ ಕನ್ನಡದಲ್ಲೇ ಶುರು ಮಾಡಿದರು. "ಮಾರಾಯ್ರೆ, ನೇರ ದಾರೀಲಿ ಅಲೆ ಎಷ್ಟಿತ್ತು ಅಂತ ನೋಡಿದ್ರಾ? ಐದು ಮೀಟರ್. ಅದಕ್ಕೆ ಮುಖ ಕೊಟ್ಟು ಹೋಗ್ಬೇಕಿತ್ತು. ನಮ್ಮ ಹುಡುಗರು ಡೆಕ್ ಮೇಲೆ ಕಾಲಿಡೋ ಹಾಗಿರಲಿಲ್ಲ."

ಮುಂಗಾರಿನ ಅರಬ್ಬೀ ಸಮುದ್ರದಲ್ಲಿ ಪಶ್ಚಿಮಕ್ಕೆ ಹೋಗುವುದು ಅಂದರೆ ಅದೇ. ಮೂತಿ ಮುಳುಗಿದಾಗ ಹಿಂಭಾಗ ಮೇಲೇಳುತ್ತದೆ. ಪ್ರೊಪೆಲ್ಲರ್ ನೀರಿನಿಂದ ಹೊರಬಂದು ಸುಮ್ನೆ ತಿರುಗುತ್ತದೆ. ಎಂಜಿನ್ ಕಿರುಚುತ್ತದೆ. ಇಂಧನ ಉರಿಯುತ್ತಲೇ ಇರುತ್ತದೆ, ದೂರ ಮಾತ್ರ ಸಾಗುವುದಿಲ್ಲ. ನನ್ನ ಟೇಬಲ್‌ನಲ್ಲಿ ಅಲೆಗೆ ಒಂದು ಕಾಲಂ ಕೂಡ ಇರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇನ್ನೊಬ್ಬ ಕ್ಯಾಪ್ಟನ್ ನನ್ನ ಮೇಲ್‌ಗೆ ಹೆದರಿ ನೇರ ದಾರಿಯನ್ನೇ ಹಿಡಿದಿದ್ದರೆ?

ಮರುವಾರ ಕೆಲಸ ಶುರು ಮಾಡಿದೆ. ಯುರೋಪಿನ ಹವಾಮಾನ ಕೇಂದ್ರದ ಇಆರ್‌ಎ5 ದತ್ತಾಂಶದಲ್ಲಿ ಗಂಟೆಗೊಂದು ಅಲೆಯ ಎತ್ತರ ಸಿಗುತ್ತದೆ, ಅದೂ ಉಚಿತವಾಗಿ. ಹಡಗು ಇದ್ದ ಜಾಗಕ್ಕೆ ಅದನ್ನು ಜೋಡಿಸಿದೆ. ಅಷ್ಟು ಸಾಲಲಿಲ್ಲ. ಸುತ್ತಿ ಹೋದ ಹಡಗಿನ ದಾರಿಯಲ್ಲಿ ಅಲೆ ಕಡಿಮೆಯೇ ಇರುತ್ತದೆ, ಅಲ್ವಾ? ಅದಕ್ಕೇ ತಾನೇ ಸುತ್ತಿದ್ದು. ಹಾಗಾಗಿ ಹೋಗದೆ ಬಿಟ್ಟ ದಾರಿಯ ಅಲೆಯನ್ನೂ ಪಕ್ಕದಲ್ಲಿಟ್ಟೆ. ಆಗ ಕೆಂಪು ಗುರುತು ಬಿತ್ತು ಅಂದರೆ ಅದಕ್ಕೊಂದು ಅರ್ಥ ಬಂತು.

ಹುಡುಕುವಾಗ ಇನ್ನೊಂದು ತಪ್ಪೂ ಸಿಕ್ಕಿತು. ಪಶ್ಚಿಮಕ್ಕೆ ಹೋಗುವ ಹಡಗು ಗಡಿಯಾರ ಹಿಂದಕ್ಕಿಟ್ಟ ದಿನ ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ 25 ಗಂಟೆ. ಗಂಟೆಗೆ ಒಂದು ಟನ್ ಸುಡುವ ಹಡಗು ಆ ದಿನ 25 ಟನ್ ತೋರಿಸುತ್ತದೆ. ನಾನು ಅದನ್ನು ಎಂಜಿನ್ ತೊಂದರೆ ಅಂತ ಓದುತ್ತಿದ್ದೆ. ಈಗ ಎಲ್ಲವನ್ನೂ ಗಂಟೆ ಲೆಕ್ಕಕ್ಕೆ ತರುತ್ತೇನೆ.

ಈ ವರ್ಷ ಎಣ್ಣೆಯ ಬದಲು ಮೆಥನಾಲ್ ಅನ್ನುವ ಆಲ್ಕೋಹಾಲ್ ಸುಡುವ ಹಡಗುಗಳಿಗೆ ಬೇರೆ ಶೀಟ್ ಮಾಡಿದೆ. ಟನ್ನಿಗೆ 3.114ರ ಬದಲು 1.375 ಅಂತ ನೋಡಿ, ಮಾಲಿನ್ಯ ಅರ್ಧಕ್ಕಿಂತ ಕಡಿಮೆ ಅಂತ ಖುಷಿಪಡುವವರಿದ್ದಾರೆ. ಆದರೆ 20 ಟನ್ ಹೆವಿ ಫ್ಯೂಯಲ್ ಕೊಡುವ ಶಕ್ತಿಗೆ ಸುಮಾರು 40 ಟನ್ ಮೆಥನಾಲ್ ಬೇಕು. ಚಿಮಣಿಯಿಂದ ಹೊರಬರುವುದು 62 ಟನ್ ಬದಲು 55 ಟನ್, ಅಷ್ಟೇ. ನಿಜವಾದ ಲಾಭ ಆ ಮೆಥನಾಲನ್ನು ಯಾವುದರಿಂದ ಮಾಡಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಅದರ ಉರಿ ಹಗಲಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಬೇಗ ಹೊತ್ತಿಕೊಳ್ಳುತ್ತದೆ, ಆವಿ ವಿಷ ಬೇರೆ. ಸೋರಿದರೆ ಅಪಾಯ ಅಂತ ಎಂಜಿನ್ ಕೋಣೆಯಲ್ಲಿ ಎರಡು ಗೋಡೆಯ ಪೈಪು ಹಾಕಿರುತ್ತಾರೆ.

ತೂಕ ದುಪ್ಪಟ್ಟು ಅಂದರೆ ಟ್ಯಾಂಕಿನ ಜಾಗವೂ ಬೇಗ ಮುಗಿಯುತ್ತದೆ. ಜುಲೈನಲ್ಲಿ ಸುತ್ತಿ ಹೋಗಲು ಬೇಕಾದ ಇಂಧನ ಹೊರಡುವಾಗಲೇ ಟ್ಯಾಂಕಿನಲ್ಲಿರಬೇಕು. ಆ ಶೀಟಿನ ಮೊದಲ ಸಾಲಿನಲ್ಲೇ ಅದಕ್ಕೆ ಜಾಗ ಇಟ್ಟಿದ್ದೇನೆ.