ಸುಂಕದವನ ಮುಂದೆ ಸುಖದುಃಖ: ಒಂದೇ ಆಟದೊಳಗೆ ನಗುವನ್ನೂ ಸಾವನ್ನೂ ಬರೆದ ಅನುಭವ

ದಿ ವಿಚರ್ 3 ಅನ್ನೋ ವಿಡಿಯೋ ಗೇಮ್ ಆಡಿದವರು ಪ್ರಿನ್ಸೆಸ್ ಅನ್ನೋ ಮೇಕೆಯನ್ನು ಮರೆತಿರೋದಿಲ್ಲ. 2015ರಲ್ಲಿ ಬಂದ ಈ ಪೋಲೆಂಡಿನ ಆಟದಲ್ಲಿ ಬ್ಲಡಿ ಬ್ಯಾರನ್ ಅನ್ನುವವನ ಕಥೆ ಇದೆ. ಅವನ ಹೆಂಡತಿ, ಮಗಳು ಇಬ್ಬರೂ ಮನೆಯಿಂದ ಕಾಣೆಯಾಗಿದ್ದಾರೆ. ಹುಡುಕುತ್ತಾ ಹೋದ ಹಾಗೆ ಅವನ ಕುಡಿತ, ಹೆಂಡತಿಗೆ ಬಿದ್ದ ಹೊಡೆತ, ಹೊಟ್ಟೆಯಲ್ಲೇ ಹೋದ ಮಗು ಒಂದೊಂದಾಗಿ ಹೊರಬರುತ್ತವೆ. ಇದರ ನಡುವೆ ನಾಯಕ ಗೆರಾಲ್ಟ್ ಒಬ್ಬ ಹಳ್ಳಿ ಮಂತ್ರವಾದಿಯ ಸಹಾಯ ಕೇಳಬೇಕು. ಅವನು ಮೊದಲು ತನ್ನ ಪ್ರಿನ್ಸೆಸ್‌ನ ಹುಡುಕಿಕೊಡು ಅಂತಾನೆ. ಹೋಗಿ ನೋಡಿದರೆ ಅದು ಮೇಕೆ. ದೆವ್ವ ರಾಕ್ಷಸರನ್ನು ಕಡಿದು ಹಾಕುವ ವೀರ ಕೈಯಲ್ಲಿ ಗಂಟೆ ಹಿಡಿದು, ಅದನ್ನು ಆಡಿಸುತ್ತಾ, ಮೇಕೆಯನ್ನು ಕಾಡಿನಿಂದ ಮನೆಗೆ ಕರೆತರುತ್ತಾನೆ.

ಸ್ವಲ್ಪ ಹೊತ್ತಿನಲ್ಲೇ ಅದೇ ಕಥೆಯಲ್ಲಿ ಆ ಸತ್ತ ಮಗು ಪಿಶಾಚಿಯಾಗಿ ಎದ್ದು ಬರುತ್ತದೆ. ಅದನ್ನು ಕೊಲ್ಲದೆ ಶಾಂತಿ ಮಾಡಿಸುವ ದಾರಿ ಆರಿಸಿಕೊಂಡರೆ ಬ್ಯಾರನ್ ಅದನ್ನು ತನ್ನ ಕೈಯಲ್ಲಿ ಎತ್ತಿಕೊಂಡು ನಡೆಯಬೇಕು. ಮನೆಯ ಹೊಸ್ತಿಲಿಗೆ ತಂದು, ಹೆಸರಿಟ್ಟು, ಅಲ್ಲೇ ಹೂಳಬೇಕು.

ನಾನು ಬೆಂಗಳೂರಿನ ಒಂದು ಸಣ್ಣ ತಂಡದಲ್ಲಿ ಆಟಗಳಿಗೆ ಕಥೆ, ಸಂಭಾಷಣೆ ಬರೆಯುತ್ತೇನೆ. ಒಂದು ಫ್ಯಾಂಟಸಿ ಆರ್‌ಪಿಜಿ, ಅಂದರೆ ಆಟಗಾರ ಒಂದು ಪಾತ್ರವಾಗಿ ಕಥೆಯೊಳಗೆ ಸಾಗುವ ಆಟ, ಬರೆಯೋಕೆ ಕೂತಾಗ ಈ ಭಾಗವನ್ನು ಮತ್ತೆ ಮತ್ತೆ ಆಡಿದೆ. ಮೇಕೆ ಯಾಕೆ ಮಗುವಿನ ಕಥೆಯನ್ನು ಕೆಡಿಸಲಿಲ್ಲ? ನನಗೆ ಸಿಕ್ಕ ಉತ್ತರ ಇಷ್ಟು. ಆ ನಗು ಹೊರಗಿನಿಂದ ತಂದು ಅಂಟಿಸಿದ್ದಲ್ಲ. ಒಂಟಿಯಾಗಿ ಬದುಕುವ ಒಬ್ಬ ಮನುಷ್ಯ ಮೇಕೆಯನ್ನು ರಾಜಕುಮಾರಿ ಅಂತ ಕರೆಯುತ್ತಾನೆ, ಅಷ್ಟೇ. ಮುಂದೆ ಇನ್ನೊಂದು ಕ್ವೆಸ್ಟ್‌ನಲ್ಲಿ, ಅಂದರೆ ಆಟಗಾರ ಮಾಡಿ ಮುಗಿಸಬೇಕಾದ ಒಂದು ಕೆಲಸದ ಕಥೆಯಲ್ಲಿ, ಅವನೂ ತನ್ನ ಅಪ್ಪನ ಸಾವಿನ ಭಾರ ಹೊತ್ತವನು ಅಂತ ಗೊತ್ತಾಗುತ್ತದೆ. ನಗುವೂ ಕತ್ತಲೆಯೂ ಒಂದೇ ಬೇರಿನಿಂದ ಬಂದಿವೆ.

ಇದೇ ಆಟದ ಶುರುವಿನಲ್ಲಿ ಒಬ್ಬ ಅಜ್ಜಿ ಸಿಗುತ್ತಾಳೆ. ಯಾರೋ ತನ್ನ ಬಾಣಲೆ ತಗೊಂಡು ವಾಪಸ್ ಕೊಟ್ಟಿಲ್ಲ ಅನ್ನೋದು ಅವಳ ದೂರು. ಎದುರಿನ ಮನೆ ಬಾಗಿಲು ಒಡೆದು ಒಳಗೆ ಹೋದರೆ ಹೆಣ ಬಿದ್ದಿದೆ. ಅಜ್ಜಿಗೆ ಬಾಣಲೆ ಸಿಕ್ಕಿದರೆ ಸಾಕು. ಯುದ್ಧದ ಊರಿನಲ್ಲಿ ಹೆಣ ನೋಡಿ ನೋಡಿ ರೂಢಿಯಾದವಳಿಗೆ ಬಾಣಲೆಯೇ ದೊಡ್ಡದು. ನಗು ಬರುತ್ತದೆ, ಆ ನಗುವೇ ಯುದ್ಧ ಎಷ್ಟು ದಿನದಿಂದ ನಡೀತಿದೆ ಅಂತ ಹೇಳಿಬಿಡುತ್ತದೆ.

ಹಾಗಾಗಿ ನಾನು ತಂಡಕ್ಕೆ ಮೊದಲ ದಿನವೇ ಹೇಳಿದ ಮಾತು: ಪಾತ್ರಗಳು ಎಷ್ಟು ಬೇಕಾದರೂ ತಮಾಷೆ ಮಾಡಲಿ, ಆಟ ಮಾತ್ರ ತನ್ನ ಲೋಕವನ್ನು ತಮಾಷೆ ಮಾಡಬಾರದು. ದೆವ್ವ ಎದುರಿಗೆ ನಿಂತಾಗ ನಾಯಕ ಆಟಗಾರನ ಕಡೆ ತಿರುಗಿ ಕಣ್ಣು ಮಿಟುಕಿಸಿದರೆ, ಆಮೇಲೆ ಅದೇ ದೆವ್ವಕ್ಕೆ ಯಾರೂ ಅಳೋದಿಲ್ಲ.

ನಮ್ಮ ಕಥೆ ಹೀಗೆ. ಒಂದು ಹೊಳೆ. ಸತ್ತವರು ಅದನ್ನು ದಾಟಿ ಆಚೆ ಹೋಗಬೇಕು. ದೊಡ್ಡ ನೆರೆ ಬಂದ ಮೇಲೆ ದೋಣಿ ಅಪರೂಪಕ್ಕೆ ಮಾತ್ರ ಹೊರಡುತ್ತದೆ. ಸತ್ತವರೆಲ್ಲ ಈಚೆ ದಡದಲ್ಲೇ ಸಾಲು ನಿಂತಿದ್ದಾರೆ, ಬದುಕಿದವರ ಬಾವಿಕಟ್ಟೆ, ಜಗುಲಿ ಎಲ್ಲ ಅವರಿಂದ ತುಂಬಿದೆ. ಸುಮ್ನೆ ಹೇಳಿದರೂ ಭಾರದ ಕಥೆ. ಇದಕ್ಕೆ ನಗು ಎಲ್ಲಿಂದ ತರೋದು?

ನಮ್ಮಲ್ಲೊಂದು ಗಾದೆ ಇದೆಯಲ್ವಾ, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ. ಅಲ್ಲಿಂದ ಸುಂಕದ ಈರಣ್ಣ ಹುಟ್ಟಿದ. ಹೊಳೆ ದಡದಲ್ಲಿ ಕಟ್ಟೆ ಮೇಲೆ ಕೂತಿರುತ್ತಾನೆ. ಬದುಕಿದವರಿಗೆ ಒಂದು ಕಾಸು, ಸತ್ತವರಿಗೆ ಎರಡು ಕಾಸು. ಯಾರಿಗೂ ಮಾಫಿ ಇಲ್ಲ. ಆಟಗಾರ ಮೊದಲು ಅವನನ್ನು ನೋಡುವಾಗ ಒಬ್ಬ ಸತ್ತವನ ಜೊತೆ ಜಗಳ ನಡೀತಿರುತ್ತದೆ.

"ನಾನು ಸತ್ತಿದ್ದೀನಿ ಮಾರಾಯ, ಜೇಬೇ ಇಲ್ಲ."

"ಜೇಬಿಲ್ಲದವರಿಗೆ ರಿಯಾಯಿತಿ ಅಂತ ಎಲ್ಲೂ ಬರೆದಿಲ್ಲ ಸ್ವಾಮಿ. ಹಿಂದಿನವರು ಮುಂದೆ ಬನ್ನಿ."

ಕಾಸು ಬಂದ ತಕ್ಷಣ ರಸೀದಿ ಪುಸ್ತಕ ತೆಗೀತಾನೆ, ಬರೀತಾನೆ, ಟಕ್ ಅಂತ ಮುದ್ರೆ ಒತ್ತುತ್ತಾನೆ. ನಾಯಕನಿಗೂ ರಸೀದಿ, ಅವನ ಕುದುರೆಗೂ ರಸೀದಿ. ಒಂದು ಕ್ವೆಸ್ಟ್‌ನಲ್ಲಿ ಊರಿನ ದೊರೆಯೇ ಬಂದು ಗದರಿಸಿದರೂ ರಸೀದಿ. ಈ ರಸೀದಿಗಳೆಲ್ಲ ಆಟಗಾರನ ಚೀಲದಲ್ಲಿ ಸೇರುತ್ತವೆ. ತೆಗೆದು ಓದಬಹುದು. "ಸತ್ತವರು: ಒಂದು. ಸುಂಕ: ಎರಡು ಕಾಸು. ಪಾವತಿ." ಇಷ್ಟೇ ಇರುತ್ತದೆ.

ಸಂಭಾಷಣೆಯನ್ನು ನಾವು ಸ್ಪ್ರೆಡ್‌ಶೀಟ್‌ನಲ್ಲಿ ಬರೀತೀವಿ. ಸಾಲಿನ ಸಂಖ್ಯೆ, ಯಾರು ಹೇಳೋದು, ಏನು ಹೇಳೋದು, ಯಾವ ಸ್ಥಿತಿಯಲ್ಲಿ ಅನ್ನೋ ಕಾಲಮ್ಮುಗಳು ಎಲ್ಲರಿಗೂ ಇರುತ್ತವೆ. ನಾನು ಇನ್ನೊಂದು ಸೇರಿಸಿದೆ: "ಯಾಕೆ ನಗಿಸ್ತಾನೆ?" ಪ್ರತಿ ತಮಾಷೆಯ ಸಾಲಿನ ಎದುರೂ ಇದನ್ನು ತುಂಬಬೇಕು. ಹೆದರಿಕೆಗೆ, ಅಭ್ಯಾಸಕ್ಕೆ, ಎದುರಿನವರ ಮೇಲಿನ ಪ್ರೀತಿಗೆ, ಮಾತು ತಪ್ಪಿಸೋಕೆ, ಜಂಬಕ್ಕೆ. ಆಟಗಾರನನ್ನು ನಗಿಸೋಕೆ ಅಂತ ಬಿಟ್ಟರೆ ಬೇರೆ ಕಾರಣ ಸಿಗದಿದ್ದರೆ ಆ ಸಾಲು ಹೋಯಿತು, ಎಷ್ಟೇ ಚೆನ್ನಾಗಿದ್ದರೂ. ಈರಣ್ಣನ ಕಾಲಮ್ಮಿನಲ್ಲಿ ಉದ್ದಕ್ಕೂ ಒಂದೇ ಕಾರಣ ಬರೆದಿದ್ದೆ: "ಪುಸ್ತಕದಿಂದ ತಲೆ ಎತ್ತಿದರೆ ಸಾಲಿನಲ್ಲಿ ನಿಂತವರ ಮುಖ ನೋಡಬೇಕಾಗುತ್ತದೆ." ಅವನ ಮಗ ನೆರೆಯಲ್ಲಿ ಕಾಣೆಯಾಗಿದ್ದಾನೆ. ಇದನ್ನು ಆಟ ಅರ್ಧ ದಾಟುವವರೆಗೂ ಯಾರೂ ಬಾಯಿ ಬಿಟ್ಟು ಹೇಳೋದಿಲ್ಲ. ಚಿತ್ರ ಬಿಡಿಸಿದವರು ಮಾತ್ರ ಒಂದು ಕೆಲಸ ಮಾಡಿದರು. ಈರಣ್ಣ ಯಾರ ಜೊತೆ ಜಗಳ ಆಡಿದರೂ ಅವನ ಕಣ್ಣು ಪುಸ್ತಕದ ಮೇಲೇ ಇರುತ್ತದೆ. ಅದು ನನಗೆ ಹೊಳೆದಿರಲಿಲ್ಲ, ಅವರದೇ ಯೋಚನೆ.

ಮೂರನೇ ಅಧ್ಯಾಯದಲ್ಲಿ ಒಂದು ಸಾಯಂಕಾಲ ಸಾಲಿನಲ್ಲಿ ಒಂಬತ್ತು ವರ್ಷದ ಹುಡುಗ ಬರುತ್ತಾನೆ. ಈರಣ್ಣ ತಲೆ ಎತ್ತದೆ "ಎರಡು ಕಾಸು" ಅಂತಾನೆ. ಹುಡುಗ "ಅಪ್ಪಾ, ನನ್ನ ಹತ್ರ ಇಲ್ಲ" ಅಂತಾನೆ. ಆಗ ಮೊದಲ ಸಲ ತಲೆ ಎತ್ತುತ್ತಾನೆ. ಆಮೇಲೆ ಸಂಭಾಷಣೆಯೇ ಇಲ್ಲ. ತನ್ನ ಸೊಂಟದ ಚೀಲದಿಂದ ಎರಡು ಕಾಸು ತೆಗೆದು ಪೆಟ್ಟಿಗೆಗೆ ಹಾಕುತ್ತಾನೆ. ರಸೀದಿ ಪುಸ್ತಕ ತೆಗೀತಾನೆ. ಬರೀತಾನೆ. ಮುದ್ರೆ ಒತ್ತುತ್ತಾನೆ. ಆ ರಸೀದಿ ಆಟಗಾರನ ಚೀಲಕ್ಕೆ ಬರೋದಿಲ್ಲ. ಒಮ್ಮೆ ಪರದೆ ಮೇಲೆ ಕಾಣುತ್ತದೆ, ಅಷ್ಟೇ: "ಈರಣ್ಣನ ಮಗ ಮಲ್ಲ. ವಯಸ್ಸು ಒಂಬತ್ತು. ಸುಂಕ: ಎರಡು ಕಾಸು. ಪಾವತಿ." ಅಲ್ಲಿಯವರೆಗಿನ ಒಂದು ರಸೀದಿಯಲ್ಲೂ ಸತ್ತವರ ಹೆಸರು ಬರೆದಿರಲಿಲ್ಲ.

ಆಡಿ ನೋಡೋಕೆ ಕೂರಿಸಿದವರ ಹಿಂದೆ ನಿಂತು ನಾನು ಪರದೆ ನೋಡೋದಿಲ್ಲ, ಅವರ ಮುಖ ನೋಡುತ್ತೇನೆ. ಪುಸ್ತಕ ತೆಗೆದ ತಕ್ಷಣ ಸುಮಾರು ಜನ ಅಭ್ಯಾಸಬಲದಿಂದ ನಕ್ಕರು. ಹೆಸರು ಓದುವಾಗ ಆ ನಗು ಅರ್ಧಕ್ಕೆ ನಿಂತಿತು. ನನಗೆ ಬೇಕಿದ್ದದ್ದು ಅದೇ. ಮೂರು ಅಧ್ಯಾಯ ನಗಿಸಿದ್ದೆಲ್ಲ ಆ ಅರ್ಧ ನಗುವಿಗೆ ಹಾಕಿದ ಬಂಡವಾಳ. ಶುರುವಿನಿಂದ ಈರಣ್ಣನನ್ನು ದುಃಖಿಯಾಗಿ ತೋರಿಸಿದ್ದರೆ ಆ ದೃಶ್ಯಕ್ಕೆ ಇಷ್ಟು ಬಲ ಬರ್ತಿರಲಿಲ್ಲ.

ಬರವಣಿಗೆ ಇಷ್ಟಾದರೆ ಆಟದಲ್ಲಿ ಇದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿದೆ. ಸಿನಿಮಾದಲ್ಲಿ ಯಾವ ದೃಶ್ಯದ ಹಿಂದೆ ಯಾವುದು ಅಂತ ಮಾಡುವವರು ತೀರ್ಮಾನಿಸುತ್ತಾರೆ. ಆಟದಲ್ಲಿ ಅದನ್ನು ಆಟಗಾರ ತೀರ್ಮಾನಿಸುತ್ತಾನೆ. ಮಲ್ಲ ದೋಣಿ ಹತ್ತಿದ ಎರಡೇ ನಿಮಿಷಕ್ಕೆ ಅವನು ಸಂತೆಗೆ ಓಡಿಹೋಗಿ, ಕೋಳಿ ಕಳೆದುಕೊಂಡ ಅಜ್ಜಿಯ ಕ್ವೆಸ್ಟ್ ಶುರು ಮಾಡಬಹುದು. ಅಜ್ಜಿಯ ತಪ್ಪೇನೂ ಇಲ್ಲ. ಆದರೆ ಆ ಹೊತ್ತಿಗೆ ಅವಳ ಕೋಳಿ ಮಾತು ಕಿವಿಗೆ ಕೀರಲಾಗಿ ಕೇಳಿಸುತ್ತದೆ.

ಇದಕ್ಕೆ ನಾನೂ ನಮ್ಮ ಪ್ರೋಗ್ರಾಮರೂ ಸೇರಿ ಮಾಡಿದ್ದು ಒಂದು ವೇರಿಯಬಲ್, ಅಂದರೆ ಆಟ ಒಳಗೊಳಗೇ ನೆನಪಿಟ್ಟುಕೊಂಡು ಬದಲಿಸುತ್ತಾ ಹೋಗುವ ಒಂದು ಅಂಕಿ. ಹೆಸರು "ಶೋಕ". ಬೆಲೆ ಸೊನ್ನೆಯಿಂದ ಮೂರರವರೆಗೆ. ದೊಡ್ಡ ಸಾವು ಆದಾಗ ಮೂರಕ್ಕೆ ಏರುತ್ತದೆ. ಗಡಿಯಾರ ನೋಡಿ ಇಳಿಯೋದಿಲ್ಲ, ಯಾಕೆಂದರೆ ಆಟಗಾರ ಕಂಟ್ರೋಲರ್ ಕೆಳಗಿಟ್ಟು ಊಟಕ್ಕೆ ಹೋಗಿರಬಹುದು. ಅವನು ಏನಾದರೂ ಮಾಡಿದಾಗ ಇಳಿಯುತ್ತದೆ. ಛತ್ರದಲ್ಲಿ ಮಲಗಿ ಎದ್ದರೆ ಒಂದು, ಬೇರೆ ಊರಿಗೆ ಹೋದರೆ ಒಂದು, ಜೊತೆಗಾರರ ಜೊತೆ ಬೆಂಕಿ ಹತ್ತಿರ ಕೂತು ಮಾತಾಡಿದರೆ ಒಂದು.

ಶೋಕ ಮೂರಿದ್ದಾಗ ಕೋಳಿ ಅಜ್ಜಿಯ ಮನೆ ಬಾಗಿಲು ಹಾಕಿರುತ್ತದೆ. ಕ್ವೆಸ್ಟ್ ಎಲ್ಲೂ ಹೋಗಿಲ್ಲ, ನಾಳೆ ಬಾಗಿಲು ತೆಗೀತಾಳೆ. ಅಕ್ಕಪಕ್ಕ ಹಾದು ಹೋದಾಗ ಊರಿನವರು ತಾವಾಗೇ ಆಡುವ ಚಿಕ್ಕ ಮಾತುಗಳಿರುತ್ತವೆ, ಅವನ್ನು ನಾವು ಬಾರ್ಕ್ ಅಂತೀವಿ. ಅವುಗಳಲ್ಲಿ ತಮಾಷೆಯವು ಮುಚ್ಚಿಕೊಳ್ಳುತ್ತವೆ. ಬದಲಿಗೆ ದುಃಖದ ಮಾತು ತುರುಕಲಿಲ್ಲ. "ನೀರು ಕಾದಿದೆ, ಬನ್ನಿ", "ಬಾಗಿಲು ಹಾಕ್ಕೊಳ್ಳಿ, ಗಾಳಿ" ಅನ್ನುವಂಥ ಮನೆ ಮಾತು ಹಾಕಿದೆ. ಛತ್ರದ ಹಾಡು ಅದೇ, ಆದರೆ ಡೋಲು ಇರೋದಿಲ್ಲ. ಮಲ್ಲನ ದೃಶ್ಯ ಮುಗಿದಾಗ ಅನುಭವದ ಅಂಕ ಬಂತು ಅಂತ ತೋರಿಸುವ ಬಂಗಾರದ ಅಕ್ಷರಗಳೂ ಇಲ್ಲ, ಆ ಟಣ್ ಶಬ್ದವೂ ಇಲ್ಲ. ಅಂಕ ಒಳಗೊಳಗೇ ಸೇರಿಕೊಳ್ಳುತ್ತದೆ, ಮುಂದಿನ ಸಣ್ಣ ಕೆಲಸ ಮುಗಿದಾಗ ಅದರ ಜೊತೆ ಕಾಣುತ್ತದೆ. ಒಂದು ಸಾವಿನ ಮೇಲೆ ಟಣ್ ಅಂತ ಬಹುಮಾನ ಬಾರಿಸೋದು ನನಗೆ ಎಷ್ಟೋ ಒಳ್ಳೆಯ ಆಟಗಳಲ್ಲೂ ಕಿರಿಕಿರಿ ಮಾಡಿದೆ. ಬರೆದವರು ಅಷ್ಟು ಕಷ್ಟಪಟ್ಟಿರುತ್ತಾರೆ, ಒಂದು ಶಬ್ದ ಎಲ್ಲವನ್ನೂ ಅಳಿಸಿಬಿಡುತ್ತದೆ.

ನಗುವನ್ನು ತೆಗೆದುಬಿಡೋದೇ ಒಂದು ಕತ್ತಲೆ ಅನ್ನೋದನ್ನು ಅಂಡರ್‌ಟೇಲ್ ಕಲಿಸಿತು. ಅದೂ 2015ರದೇ, ಬಹುಪಾಲು ಟೋಬಿ ಫಾಕ್ಸ್ ಒಬ್ಬರೇ ಮಾಡಿದ ಆಟ. ಸ್ನೋಡಿನ್ ಅನ್ನೋ ಹಿಮದ ಊರು ಸಾಮಾನ್ಯವಾಗಿ ಆಡಿದರೆ ತಮಾಷೆಯ ಗೂಡು. ಆದರೆ ಸಿಕ್ಕವರನ್ನೆಲ್ಲ ಕೊಲ್ಲುತ್ತಾ ಬಂದವರಿಗೆ ಆ ಊರು ಹೆಚ್ಚೂಕಡಿಮೆ ಖಾಲಿ. ಅಂಗಡಿಯಲ್ಲಿ ಯಾರೂ ಇಲ್ಲ, ನನ್ನ ಮನೆಯವರಿಗೆ ಏನೂ ಮಾಡಬೇಡಿ ಅಂತ ಒಂದು ಚೀಟಿ ಇರುತ್ತದೆ. ಹೊಸದಾಗಿ ಹೆಚ್ಚೇನೂ ಸೇರಿಸಿಲ್ಲ. ಇದ್ದದ್ದನ್ನು ತೆಗೆದಿದ್ದಾರೆ. ನಮ್ಮ ಅಜ್ಜಿಯ ಮುಚ್ಚಿದ ಬಾಗಿಲು ಬಂದದ್ದು ಅಲ್ಲಿಂದ.

ಹಾಗೇ ನೋಟ ಚಂದ ಇದ್ದರೆ ಕಥೆ ಹಗುರ ಅಂತಲೂ ಅಲ್ಲ. 1992ರ ಡ್ರ್ಯಾಗನ್ ಕ್ವೆಸ್ಟ್ 5ರಲ್ಲಿ ಸ್ಲೈಮ್ ಅನ್ನೋ ನಗುಮುಖದ ಲೋಳೆ ಜೀವಿಗಳು ಕುಣಿಯುತ್ತಿರುತ್ತವೆ, ಅದೇ ಆಟದಲ್ಲಿ ನಾಯಕನ ಅಪ್ಪ ಅವನ ಕಣ್ಣೆದುರೇ ಸಾಯುತ್ತಾನೆ, ಹುಡುಗ ಹತ್ತು ವರ್ಷ ಗುಲಾಮನಾಗುತ್ತಾನೆ. ಬಣ್ಣ ಕಪ್ಪು ಮಾಡಿದರೆ ಮಾತ್ರ ಗಂಭೀರ ಅಂತ ವಾದ ಮಾಡುವವರಿಗೆ ನಾನು ಇದನ್ನೇ ತೋರಿಸೋದು.

ಇನ್ನೊಂದು ಹಠ ಹಿಡಿದು ಮಾಡಿಸಿದ್ದು ಆಟಗಾರ ಆರಿಸುವ ಉತ್ತರಗಳ ವಿಷಯ. ನಮ್ಮ ಆಟದಲ್ಲಿ ಪ್ರತಿ ಮಾತಿಗೂ ಒಂದು ತಮಾಷೆಯ ಉತ್ತರ ಇರುತ್ತದೆ. ಡ್ರ್ಯಾಗನ್ ಏಜ್ 2ರಲ್ಲಿ, 2011ರಲ್ಲೇ, ಆಟಗಾರ ಯಾವ ಧಾಟಿಯ ಉತ್ತರ ಜಾಸ್ತಿ ಆರಿಸುತ್ತಾನೆ ಅಂತ ಆಟ ಲೆಕ್ಕ ಇಡುತ್ತಿತ್ತು, ನಾಯಕ ತಾನಾಗಿ ಆಡುವ ಮಾತೂ ಅದರಂತೆ ಬದಲಾಗುತ್ತಿತ್ತು. ನಾವೂ ಹಾಗೇ ಎಣಿಸುತ್ತೇವೆ. ಮಲ್ಲ ಹೋದ ಮೇಲೆ ಈರಣ್ಣನ ಪಕ್ಕ ಕೂತಾಗಲೂ ತಮಾಷೆಯ ಉತ್ತರ ಪರದೆ ಮೇಲೆ ಇರುತ್ತದೆ. ತೆಗೆಯೋಣ ಅಂತ ತಂಡದಲ್ಲಿ ಮಾತು ಬಂತು, ನಾನು ಒಪ್ಪಲಿಲ್ಲ. ಇಡೀ ಆಟ ನಗಿಸುತ್ತಾ ಬಂದವನಿಗೆ ಆ ಹೊತ್ತಿಗೂ ಬಾಯಿಗೆ ಬರೋದು ಅದೇ ಅಲ್ವಾ? ಆರಿಸಿಕೊಂಡರೆ ನಾಯಕ "ಏನಿಲ್ಲ ಈರಣ್ಣ, ಇವತ್ತು ಪೆಟ್ಟಿಗೆಗೆ ಎರಡು ಕಾಸು..." ಅಂತ ಶುರು ಮಾಡಿ ನಿಲ್ಲುತ್ತಾನೆ. ಈರಣ್ಣ "ಹೇಳು ತಮ್ಮಾ, ಪರವಾಗಿಲ್ಲ" ಅಂತಾನೆ. ನಾಯಕನಿಂದ ಮುಂದಕ್ಕೆ ಆಗೋದಿಲ್ಲ. ಮೊದಲಿಂದ ಗಂಭೀರವಾಗಿಯೇ ಆಡಿದವರಿಗೆ ಈ ಸಾಲು ಸಿಗೋದೇ ಇಲ್ಲ.

ತಂಡದಲ್ಲಿ ಜಾಸ್ತಿ ದಿನ ಎಳೆದದ್ದು, ಆಮೇಲೆ ಈರಣ್ಣ ಮತ್ತೆ ನಗಿಸಬೇಕಾ ಅನ್ನೋ ಚರ್ಚೆ. ಮೌನಿಯಾಗಲಿ ಅನ್ನುವವರ ಮಾತಿನಲ್ಲೂ ಅರ್ಥ ಇತ್ತು. ನನಗೆ ಬಾಲ್ಡರ್ಸ್ ಗೇಟ್ 3ರ ಸ್ಕ್ರ್ಯಾಚ್ ಅನ್ನೋ ನಾಯಿ ನೆನಪಿತ್ತು. 2023ರ ಆ ಆಟದಲ್ಲಿ ಅದು ಸತ್ತ ಯಜಮಾನನ ಹೆಣ ಕಾಯುತ್ತಾ ಕೂತಿರುತ್ತದೆ. ಮುಂದೆ ನಮ್ಮ ಬಿಡಾರಕ್ಕೆ ಬಂದು, ಎಸೆದ ಚೆಂಡನ್ನು ಬಾಯಲ್ಲಿ ಹಿಡಿದು ತರುತ್ತದೆ. ಚೆಂಡು ತಂದ ಮಾತ್ರಕ್ಕೆ ಅದು ಯಜಮಾನನನ್ನು ಮರೆತಿದೆ ಅಂತ ಯಾರಿಗೂ ಅನಿಸೋದಿಲ್ಲ. ಹಾಗಾಗಿ ಶೋಕ ಸೊನ್ನೆಗೆ ಇಳಿದ ಮೇಲೆ ಈರಣ್ಣ ಮತ್ತೆ ಜಗಳಕ್ಕೆ ನಿಲ್ಲುತ್ತಾನೆ. ದೊರೆಗೂ ಬಿಡೋದಿಲ್ಲ. ಬದಲಾಗಿದ್ದು ಎರಡು. ರಸೀದಿಯಲ್ಲಿ ಈಗ ಎಲ್ಲರ ಹೆಸರೂ ಕೇಳಿ ಬರೀತಾನೆ. ಕೇಳುವಾಗ ಮುಖ ನೋಡ್ತಾನೆ. ಇದರಿಂದ ಸಾಲು ನಿಧಾನವಾಗುತ್ತದೆ, ಹಿಂದೆ ನಿಂತ ಸತ್ತವರು ಗೊಣಗುತ್ತಾರೆ, ಅದರಿಂದ ಹೊಸ ಜಗಳ, ಹೊಸ ನಗು. ಅವನ್ನು ಬರೆದಷ್ಟು ಖುಷಿಯಿಂದ ಆ ಆಟದಲ್ಲಿ ನಾನು ಬೇರೇನೂ ಬರೆದಿಲ್ಲ.

ನೀವೂ ಇಂಥ ಆಟ ಮಾಡ್ತಿದ್ದರೆ ಶೋಕದಂಥ ಒಂದು ವೇರಿಯಬಲ್ಲನ್ನು ಮೊದಲ ವಾರದಲ್ಲೇ ಹಾಕಿಕೊಳ್ಳಿ. ಬಾರ್ಕ್‌ಗಳು ನೂರಾರು ಆದ ಮೇಲೆ ಒಂದೊಂದಕ್ಕೂ ಹಿಂದಿರುಗಿ ಗುರುತು ಹಾಕೋದು ತುಂಬಾ ಹೊತ್ತು ಹಿಡಿಯುವ ಕೆಲಸ. ಬರೆಯುವಾಗಲೇ ಹಾಕಿದರೆ ಸಾಲಿಗೆ ಒಂದು ಅಂಕಿ, ಅಷ್ಟೇ. ಸಂಗೀತ ಮಾಡುವವರಿಗೂ ಮೊದಲೇ ಹೇಳಿ. ಡೋಲು, ಕೊಳಲು, ತಂತಿ ಎಲ್ಲವನ್ನೂ ಬೇರೆ ಬೇರೆ ಫೈಲಾಗಿ ಕೊಟ್ಟರೆ ಮಾತ್ರ ಆಮೇಲೆ ಒಂದನ್ನು ನಿಲ್ಲಿಸೋಕೆ ಆಗುತ್ತದೆ.