ಕ್ಯಾಂಪ್ ಫೈರ್‌ಗೆ ನಾನು ಸೌದೆ ಹೊಂದಿಸುವ ರೀತಿ

ಸೀಮೆಎಣ್ಣೆ ಸುರಿದು ಕ್ಯಾಂಪ್ ಫೈರ್ ಹಚ್ಚುವುದನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಸೌದೆ ಸರಿಯಾಗಿದ್ದರೆ ಒಂದು ಬೆಂಕಿಕಡ್ಡಿ ಸಾಕು. ನಮ್ಮದು ಶಿರಸಿ ಕಡೆ ಅಡಿಕೆ ತೋಟ, ಡಿಸೆಂಬರ್ ರಜೆಯಲ್ಲಿ ನೆಂಟರ ಮಕ್ಕಳು ಬಂದಾಗ ಅಂಗಳದಾಚೆ ಬೆಂಕಿ ಹಾಕುವುದು ರೂಢಿ. ಸೌದೆ ತರುವ ಕೆಲಸ ನಂದೇ.

ಮಧ್ಯಾಹ್ನ ಊಟ ಆದ ಕೂಡಲೇ ಶುರು ಮಾಡುತ್ತೇನೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹುಡುಕುವುದು ಬೇಡವೇ ಬೇಡ. ಬಿದ್ದ ಕೊಂಬೆಯ ಅಡಿ ಚೇಳು, ಹಾವು ಏನೂ ಇರಬಹುದು. ಹಗಲಲ್ಲೂ ಮೊದಲು ಕೋಲಿನಿಂದ ತಟ್ಟಿ, ಆಮೇಲೆ ಕೊಂಬೆಯ ಆಚೆ ಬದಿಯನ್ನು ನನ್ನ ಕಡೆಗೆ ಎತ್ತುತ್ತೇನೆ, ಕೆಳಗೆ ಏನಾದರೂ ಇದ್ದರೆ ನಮ್ಮಿಬ್ಬರ ನಡುವೆ ಮರ ಇರುತ್ತದಲ್ವಾ.

ನೆಲದ ಮೇಲೆ ಬಿದ್ದಿದ್ದು ನೋಡೋಕೆ ಒಣಗಿದಂತೆ ಕಂಡರೂ ಅಡಿಭಾಗದಲ್ಲಿ ತೇವ ಕುಡಿದಿರುತ್ತದೆ. ಬೇಲಿಗೋ ಬೇರೆ ಮರಕ್ಕೋ ಸಿಕ್ಕಿಕೊಂಡು ಮೇಲೇ ನಿಂತ ಒಣ ಕೊಂಬೆ ಅದಕ್ಕಿಂತ ಎಷ್ಟೋ ವಾಸಿ. ಸಣ್ಣ ಕಡ್ಡಿ ಬಗ್ಗಿಸಿದರೆ ಲಟಕ್ ಅಂತ ಮುರಿಯಬೇಕು, ಬಾಗಿ ನಾರು ಬಿಟ್ಟರೆ ಹಸಿ. ದಪ್ಪ ತುಂಡುಗಳನ್ನು ಒಂದಕ್ಕೊಂದು ಬಡಿದು ನೋಡುತ್ತೇನೆ. ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದ್ದು ದಬ್ ಅನ್ನುತ್ತದೆ. ಕಡಿದ ತುದಿಯಲ್ಲಿ ಸೀಳು ಬಿಟ್ಟು, ತೊಗಟೆ ತಾನಾಗಿ ಏಳುತ್ತಿದ್ದರೆ ಕಣ್ಣು ಮುಚ್ಚಿ ತರಬಹುದು. ಆಗಷ್ಟೇ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುತ್ತದೆ, ಚೆನ್ನಾಗಿ ಒಣಗಿದ್ದರಲ್ಲಿ ಶೇ. 20ಕ್ಕಿಂತ ಕಡಿಮೆ. ಹಸಿ ಸೌದೆ ಒಟ್ಟಿದರೆ ಬೆಂಕಿಯ ಕಾವೆಲ್ಲ ಆ ನೀರು ಕಾಯಿಸೋಕೇ ಹೋಗುತ್ತದೆ, ನಮಗೆ ಸಿಗುವುದು ಹೊಗೆ.

ಬೆಂಕಿ ಹಿಡಿಸೋಕೆ ತೆಂಗಿನ ನಾರು ಮತ್ತು ಒಣ ಅಡಿಕೆ ಸೋಗೆ. ನಾರನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ ಹಕ್ಕಿಗೂಡಿನಂತೆ ಸಡಿಲ ಮಾಡಬೇಕು, ಒತ್ತಿಟ್ಟರೆ ಗಾಳಿ ಆಡದೆ ನಂದುತ್ತದೆ. ಅದರ ಮೇಲೆ ಪುರಳೆ, ಅಂದರೆ ಪೆನ್ಸಿಲ್‌ಗಿಂತ ತೆಳ್ಳಗಿನ ಕಡ್ಡಿಗಳು. ಇವು ಎಷ್ಟು ತಂದರೂ ಕಡಿಮೆಯೇ. ಸಾಕು ಅನ್ನಿಸಿದ ಮೇಲೆ ಇನ್ನೊಂದು ಅಷ್ಟೇ ತರುತ್ತೇನೆ, ಯಾಕೆಂದರೆ ದಪ್ಪ ಸೌದೆ ಹತ್ತುವವರೆಗೆ ಬೆಂಕಿಯನ್ನು ಕೈಹಿಡಿಯುವುದು ಇವೇ. ಆಮೇಲೆ ಮಣಿಕಟ್ಟಿನ ದಪ್ಪದ ಮತ್ತಿ, ಮಾವು, ಹಲಸು. ಹಾಲವಾಣ, ಬೂರಲದಂಥ ಹಗುರ ಮರ ಭರ್ ಅಂತ ಉರಿದು ಹೋಗುತ್ತದೆ, ಕೆಂಡ ನಿಲ್ಲುವುದಿಲ್ಲ. ಗೆಣಸು ಸುಡುವ ಆಸೆ ಇದ್ದರೆ ಒಂದು ಬುಟ್ಟಿ ತೆಂಗಿನ ಕರಟ ಪಕ್ಕಕ್ಕಿಟ್ಟುಕೊಳ್ಳಿ, ಅದರ ಕೆಂಡಕ್ಕೆ ಸಾಟಿಯಿಲ್ಲ.

ಕೆಲವನ್ನು ಮುಟ್ಟುವುದೇ ಇಲ್ಲ. ಕಣಗಿಲೆ ವಿಷ, ಅದರ ಹೊಗೆಯೂ ಒಳ್ಳೆಯದಲ್ಲ. ಹೊಲಗೇರಿನ ಸೊನೆ ತಾಗಿದರೆ ಮೈಯೆಲ್ಲ ಗುಳ್ಳೆ. ಗಂಟು ಒಡೆಯದ ಬಿದಿರು ಬೆಂಕಿಯಲ್ಲಿ ಸಿಡಿಯುತ್ತದೆ, ಹೊಳೆಯಿಂದ ತಂದ ಒದ್ದೆ ಕಲ್ಲೂ ಹಾಗೇ. ಬಣ್ಣ ಬಳಿದ ಹಲಗೆ, ಪ್ಲೈವುಡ್ ಬೇಡ.

ಇದೆಲ್ಲ ನಮ್ಮ ತೋಟದಲ್ಲಿ, ತೋಟಕ್ಕೆ ಸೊಪ್ಪು-ದರಗು ತರುವ ಸೊಪ್ಪಿನ ಬೆಟ್ಟದಲ್ಲಿ ಸಿಕ್ಕಿದ್ದು. ಮೀಸಲು ಅರಣ್ಯಕ್ಕೆ ಟ್ರೆಕ್ಕಿಂಗ್ ಹೋದಾಗ ನಾನು ಕಡ್ಡಿ ಗೀರುವುದೂ ಇಲ್ಲ, ಕಟ್ಟಿಗೆ ಹೆಕ್ಕುವುದೂ ಇಲ್ಲ. ಅಲ್ಲಿ ಬೆಂಕಿ ಹಾಕುವುದು ಕಾನೂನು ಪ್ರಕಾರ ಅಪರಾಧ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಿದ್ದು ನೆನಪಿದೆಯಲ್ವಾ? ಆ ತಿಂಗಳುಗಳಲ್ಲಿ ಕಾಡಿನ ತರಗೆಲೆಗೆ ಒಂದು ಕಿಡಿ ಸಾಕು. ಮನೆಯಲ್ಲೂ ಸುತ್ತ ನಾಲ್ಕು ಹೆಜ್ಜೆ ದರಗು ಗುಡಿಸಿ, ಎರಡು ಕೊಡ ನೀರು ಇಟ್ಟುಕೊಂಡೇ ಹಚ್ಚುವುದು. ಮಲಗುವ ಮುಂಚೆ ನೀರು ಹೊಯ್ದು, ಕೋಲಿನಿಂದ ಕೆದಕಿ, ಮತ್ತೆ ಹೊಯ್ಯುತ್ತೇನೆ. ಉಳಿದ ಸೌದೆ ಬೆಳಿಗ್ಗೆ ಬಚ್ಚಲ ಒಲೆಗೆ.