ಕುಂಡದಲ್ಲಿ ಮುಟ್ಟಿದರೆ ಮುನಿ ಬೆಳೆಸಿದೆ

ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಮುಟ್ಟಿದರೆ ಮುನಿ ಅಂದರೆ ಕಳೆ. ಅಡಿಕೆ ಹೆಕ್ಕುವಾಗ ಕೈಗೆ ಚುಚ್ಚುತ್ತದೆ, ಕತ್ತಿಯಲ್ಲಿ ಸವರಿದರೂ ಮತ್ತೆ ಚಿಗುರುತ್ತದೆ. ಅಂಥ ಗಿಡವನ್ನು ಬೆಂಗಳೂರಿನ ಬಾಲ್ಕನಿಯಲ್ಲಿ ಮಗಳಿಗಾಗಿ ಬೆಳೆಸಲು ನಾನು ಎರಡು ಸಲ ಸೋತೆ.

ಮೊದಲ ಸಲ ಗಿಡವನ್ನೇ ಕಿತ್ತು ತಂದೆ. ತಾಯಿಬೇರು ಹರಿದಿತ್ತು, ನಾಲ್ಕೇ ದಿನಕ್ಕೆ ಒಣಗಿತು. ಎರಡನೇ ಸಲ ಬೀಜ ಹಾಕಿದೆ. ಮೂರು ವಾರ ಕಾದರೂ ಒಂದೂ ಮೊಳೆಯಲಿಲ್ಲ. ಬೀಜದ ಸಿಪ್ಪೆ ತುಂಬಾ ಗಟ್ಟಿ, ನೀರು ಒಳಗೆ ಇಳಿಯುವುದೇ ಇಲ್ಲ.

ಮೂರನೇ ಸಲ, ಕುದಿಸಿ ಒಲೆಯಿಂದ ಇಳಿಸಿದ ನೀರನ್ನು ಸ್ವಲ್ಪ ಆರಲು ಬಿಟ್ಟು ಬೀಜದ ಮೇಲೆ ಸುರಿದೆ. ರಾತ್ರಿಯಿಡೀ ಹಾಗೇ ಬಿಟ್ಟೆ. ಬೆಳಿಗ್ಗೆ ನೋಡಿದರೆ ಕೆಲವು ಉಬ್ಬಿದ್ದವು. ಅವನ್ನಷ್ಟೇ ಆರಿಸಿ, ಮರಳು ಬೆರೆಸಿದ ಮಣ್ಣಿನಲ್ಲಿ ಅರ್ಧ ಸೆಂಟಿಮೀಟರ್ ಆಳಕ್ಕೆ ಊರಿದೆ. ವಾರದೊಳಗೆ ಮೊಳಕೆ ಬಂತು!

ಮೊದಲ ಗರಿಯೆಲೆ ಬಂದ ದಿನ ಮಗಳು ಅದರ ತುದಿಯನ್ನು ಮೆಲ್ಲಗೆ ಮುಟ್ಟಿದಳು. ತುದಿಯಿಂದ ಬುಡದವರೆಗೆ ಜೋಡಿ ಜೋಡಿಯಾಗಿ ಮಡಚಿಕೊಂಡಿತು. ಬೆಳೆದ ಗಿಡದಲ್ಲಾದರೆ ತೊಟ್ಟೇ ಕುಸಿಯುತ್ತದೆ. ತೊಟ್ಟಿನ ಬುಡದಲ್ಲಿ ಒಂದು ಸಣ್ಣ ಗಂಟಿದೆ. ಅದರ ಒಂದು ಬದಿಯ ಜೀವಕೋಶಗಳು ನೀರು ಬಿಟ್ಟುಕೊಟ್ಟಾಗ ಎಲೆ ಜೋಲುತ್ತದೆ. ಒಂದು ಕಡೆ ಮುಟ್ಟಿದರೆ ಆಚೆಯ ಎಲೆಗೂ ಗೊತ್ತಾಗುತ್ತದಲ್ವಾ? ಅದಕ್ಕೆ ಗಿಡದೊಳಗೆ ಹರಿಯುವ ವಿದ್ಯುತ್ ಸಂಕೇತವೂ ಕಾರಣ. ಜಗದೀಶ್ ಚಂದ್ರ ಬೋಸ್ ನೂರು ವರ್ಷದ ಹಿಂದೆ ಇದೇ ಗಿಡದ ಮೇಲೆ ಪ್ರಯೋಗ ಮಾಡಿ ಅದನ್ನು ಅಳೆದಿದ್ದರು.

ಮಕ್ಕಳು ಬಂದಾಗಲೆಲ್ಲ ಮುಟ್ಟುತ್ತಲೇ ಇದ್ದರೆ ಗಿಡ ಸೊರಗುತ್ತದೆ. ಮಡಚಿದ ಎಲೆಗೆ ಬಿಸಿಲು ಸಾಕಷ್ಟು ಸಿಗುವುದಿಲ್ಲ, ಮತ್ತೆ ಅರಳಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಅದಕ್ಕೇ ನಮ್ಮ ಮನೆಯಲ್ಲಿ ಒಬ್ಬರಿಗೆ ದಿನಕ್ಕೆ ಒಂದೇ ಎಲೆ.

ಗೊಬ್ಬರ ಜಾಸ್ತಿ ಹಾಕಬೇಡಿ. ಕುಂಡ ಬದಲಿಸುವಾಗ ಬೇರಿನಲ್ಲಿ ಸಣ್ಣ ಗಂಟುಗಳು ಕಂಡವು. ಅವರೆ, ಹೆಸರಿನ ಹಾಗೆ ಇದೂ ದ್ವಿದಳ ಜಾತಿಯದು. ಆ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಬಿಸಿಲು ಮಾತ್ರ ಚೆನ್ನಾಗಿ ಬೇಕು.

ಈ ಗಿಡ ಅಮೆರಿಕ ಖಂಡದಿಂದ ಬಂದು ನಮ್ಮ ತೋಟಗಳನ್ನೆಲ್ಲ ಹಬ್ಬಿದ್ದು. ಹಾಗಾಗಿ ಗುಲಾಬಿ ಬಣ್ಣದ ಹೂವು ಉದುರಿ ಕಾಯಿ ಕಂದಾಗುತ್ತಿದ್ದಂತೆ, ತುಂಡು ತುಂಡಾಗಿ ಉದುರುವ ಮೊದಲೇ ಕತ್ತರಿಸಿ ಪೇಪರ್ ಕವರಿಗೆ ಹಾಕುತ್ತೇನೆ. ಈ ಸಲದ ಬೀಜ ಮಗಳ ಗೆಳತಿಗೆ.